ಮೂರು ವರ್ಷದ ನೆರವು ಮುಗಿದ ಮೇಲೆ ವಿಮಾನ ಉಳಿಯುತ್ತದೆಯೇ?

ಓದುಗರ ಪ್ರಶ್ನೆ – ನಮ್ಮ ಉತ್ತರ

ವಿಮಾನ ನಿಲ್ದಾಣಗಳಿಗೆ ಸರ್ಕಾರ ನೀಡುತ್ತಿರುವ ನೆರವಿನ ಕುರಿತು ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಾಗಿ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆಯನ್ನಾಗಿ ಮಾಡಲಾಗಿದೆ.

ಪ್ರಶ್ನೆ: ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ಸೇವೆ ಒದಗಿಸುವ ಕೇಂದ್ರದ ಉಡಾನ್ ಯೋಜನೆ ಬಂದ ಮೇಲೆ ಬೆಳಗಾವಿಯಿಂದ ಎಷ್ಟೋ ಊರುಗಳಿಗೆ ವಿಮಾನ ಶುರುವಾದವು. ನಮ್ಮ ಫೌಂಡ್ರಿಯ ಕೆಲಸಕ್ಕೆ ಅನುಕೂಲವಾಯಿತು ಎನ್ನುವಷ್ಟರಲ್ಲಿ ಅವುಗಳಲ್ಲಿ ಕೆಲವು ನಿಂತೇ ಹೋದವು. ಸರ್ಕಾರ ಹಣ ಕೊಡುತ್ತಿರುವಾಗಲೂ ವಿಮಾನ ಸಂಸ್ಥೆಗಳು ಮಾರ್ಗ ಬಿಟ್ಟು ಹೋಗುವುದೇಕೆ?
– ಒಬ್ಬ ಉದ್ಯಮಿ, ಉದ್ಯಮಬಾಗ್, ಬೆಳಗಾವಿ

ಉತ್ತರ: ಸರ್ಕಾರ ಹಣ ಕೊಡುವುದು ನಿಜ. ಆದರೆ ಯಾವುದಕ್ಕೆ, ಎಷ್ಟು ಕಾಲ ಕೊಡುತ್ತದೆ ಎಂಬುದನ್ನು ನೋಡಿದರೆ ತಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯ ಬೆನ್ನಿಗೇ, ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಉಡಾನ್ ಯೋಜನೆ ಪ್ರಕಟವಾಯಿತು. 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದೆಹಲಿ ನಡುವೆ ಅದರ ಮೊದಲ ವಿಮಾನ ಹಾರಿತು. ಹರಾಜಿನಲ್ಲಿ ಒಂದು ಮಾರ್ಗವನ್ನು ಪಡೆದ ಸಂಸ್ಥೆಯು ತನ್ನ ವಿಮಾನದ ಸುಮಾರು ಅರ್ಧದಷ್ಟು ಆಸನಗಳನ್ನು ನಿಗದಿತ ಮಿತಿಯೊಳಗಿನ ದರಕ್ಕೆ ಮಾರಬೇಕು. ಒಂದು ಗಂಟೆಯ ಅಥವಾ ಸುಮಾರು 500 ಕಿಲೋಮೀಟರ್ ಹಾರಾಟಕ್ಕೆ ಆರಂಭದಲ್ಲಿ ಈ ಮಿತಿ 2,500 ರೂಪಾಯಿ ಇತ್ತು. ಇದರಿಂದ ಆಗುವ ನಷ್ಟವನ್ನು ತುಂಬಿಕೊಡುವ ಹಣಕ್ಕೆ ಕಾರ್ಯಸಾಧ್ಯತಾ ಅಂತರ ನಿಧಿ ಎಂದು ಹೆಸರು. ನಮ್ಮಂಥ ರಾಜ್ಯಗಳಲ್ಲಿ ಅದರ ಶೇ. 80ರಷ್ಟು ಪಾಲು ಕೇಂದ್ರದ ಪ್ರಾದೇಶಿಕ ಸಂಪರ್ಕ ನಿಧಿಯಿಂದ ಬರುತ್ತದೆ, ಉಳಿದ ಶೇ. 20ರಷ್ಟನ್ನು ರಾಜ್ಯ ಸರ್ಕಾರ ಭರಿಸುತ್ತದೆ. ಕೇಂದ್ರದ ಆ ನಿಧಿಗೆ ಹಣ ಸೇರುವುದು ದೇಶದ ಪ್ರಮುಖ ಮಾರ್ಗಗಳಲ್ಲಿ ಹಾರುವ ವಿಮಾನಗಳ ಮೇಲೆ ವಿಧಿಸುವ ಶುಲ್ಕದಿಂದ. ಅಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗುವ ಪ್ರಯಾಣಿಕನೂ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರುವವನ ಟಿಕೆಟ್ಟಿಗೆ ಒಂದಿಷ್ಟು ಕೊಟ್ಟಿರುತ್ತಾನೆ.

ಇದರ ಜೊತೆಗೆ ಕಣ್ಣಿಗೆ ಕಾಣದ ರಿಯಾಯಿತಿಗಳೂ ಇವೆ. ಉಡಾನ್ ವಿಮಾನಗಳಿಗೆ ಇಳಿಯುವ ಮತ್ತು ನಿಲ್ಲುವ ಶುಲ್ಕವಿಲ್ಲ. ರಾಜ್ಯ ಸರ್ಕಾರವು ಆ ನಿಲ್ದಾಣಗಳಲ್ಲಿ ಇಂಧನದ ಮೇಲಿನ ತೆರಿಗೆಯನ್ನು ಶೇ. 1 ಅಥವಾ ಅದಕ್ಕಿಂತ ಕಡಿಮೆಗೆ ಇಳಿಸಬೇಕು, ಭದ್ರತೆ ಮತ್ತು ಅಗ್ನಿಶಾಮಕ ಸೇವೆಯನ್ನು ಉಚಿತವಾಗಿ ಒದಗಿಸಬೇಕು. ನಮ್ಮ ದೇಶದಲ್ಲಿ ವಿಮಾನ ಸಂಸ್ಥೆಗಳ ಒಟ್ಟು ಖರ್ಚಿನಲ್ಲಿ ಇಂಧನದ ಪಾಲೇ ಶೇ. 40ರ ಆಸುಪಾಸಿನಲ್ಲಿರುವುದರಿಂದ, ಈ ತೆರಿಗೆ ವಿನಾಯಿತಿ ನಗದು ನೆರವಿಗಿಂತ ಕಡಿಮೆಯದಲ್ಲ.

ಆದರೆ ನಗದು ನೆರವು ಮೂರು ವರ್ಷಕ್ಕೆ ಮಾತ್ರ. ಆ ಮೂರು ವರ್ಷಗಳಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕೆಂಬುದು ಯೋಜನೆಯ ಆಶಯ, ನಡೆದದ್ದೇ ಬೇರೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು (ಸಿಎಜಿ) 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದಿಟ್ಟ ವರದಿಯ ಪ್ರಕಾರ, ಹರಾಜಿನ ಮೂರನೆಯ ಸುತ್ತಿನವರೆಗೆ ಹಂಚಿಕೆಯಾಗಿದ್ದ 774 ಮಾರ್ಗಗಳಲ್ಲಿ 403 ಮಾರ್ಗಗಳು ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ನೆರವು ನಿಂತ ಮೇಲೂ, 2023ರ ಮಾರ್ಚ್ ವೇಳೆಗೆ, ನಡೆಯುತ್ತಿದ್ದ ಮಾರ್ಗಗಳು 54 ಮಾತ್ರ. ಈ ಅಂಕಿಗಳನ್ನು ನಾನು ಯೋಜನೆಯನ್ನು ಹೀಗಳೆಯಲು ಹೇಳುತ್ತಿಲ್ಲ. ಹಣ ಕೊಟ್ಟರೆ ವಿಮಾನವನ್ನು ಕರೆತರಬಹುದು, ಆದರೆ ಅದನ್ನು ಉಳಿಸಿಕೊಳ್ಳಲು ಹಣವೊಂದೇ ಸಾಲದು ಎಂಬುದನ್ನು ಅವು ಸ್ಪಷ್ಟವಾಗಿ ತೋರಿಸುತ್ತವೆ.

ಬೆಳಗಾವಿಯ ಅನುಭವ ಇದಕ್ಕೆ ತಕ್ಕ ಉದಾಹರಣೆ. 1942ರಲ್ಲಿ ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ಸಾಂಬ್ರಾ ನೆಲೆ ಉತ್ತರ ಕರ್ನಾಟಕದ ವಿಮಾನ ನಿಲ್ದಾಣಗಳಲ್ಲೇ ಹಳೆಯದು. ರನ್‌ವೇ ವಿಸ್ತರಿಸಿ, ಹೊಸ ಟರ್ಮಿನಲ್ ಕಟ್ಟಿ, 2017ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯೂ ಆಯಿತು. ಮರುವರ್ಷವೇ ಹುಬ್ಬಳ್ಳಿಗೆ ಉಡಾನ್ ಸವಲತ್ತು ದೊರೆತು ಬೆಳಗಾವಿಗೆ ದೊರೆಯದೆ ಹೋದಾಗ, ಇಲ್ಲಿಂದ ಹಾರುತ್ತಿದ್ದ ವಿಮಾನಗಳು ಹುಬ್ಬಳ್ಳಿಗೆ ಸ್ಥಳಾಂತರಗೊಂಡವು. ನೂರು ಕಿಲೋಮೀಟರಿನೊಳಗಿನ ಎರಡು ನಿಲ್ದಾಣಗಳಲ್ಲಿ ಒಂದಕ್ಕೆ ಮಾತ್ರ ರಿಯಾಯಿತಿ ಕೊಟ್ಟರೆ ಇನ್ನೊಂದು ಬರಿದಾಗುತ್ತದೆ ಎಂಬುದನ್ನು ಯೋಜನೆ ರೂಪಿಸಿದವರು ಮೊದಲೇ ಊಹಿಸಬೇಕಿತ್ತು. 2019ರ ಜನವರಿಯಲ್ಲಿ ಮೂರನೆಯ ಸುತ್ತಿನಲ್ಲಿ ಬೆಳಗಾವಿಯೂ ಸೇರಿದ ಬಳಿಕ ಹೈದರಾಬಾದ್, ತಿರುಪತಿ, ಸೂರತ್, ಇಂದೋರ್, ಅಹಮದಾಬಾದ್ ಮೊದಲಾದ ಊರುಗಳಿಗೆ ಸಂಪರ್ಕ ಸಿಕ್ಕಿತು. ಮೈಸೂರು ಮತ್ತು ಕಡಪ ಮಾರ್ಗಗಳನ್ನು ನಡೆಸುತ್ತಿದ್ದ ಸಣ್ಣ ಸಂಸ್ಥೆಯು ತಾನೇ ಮುಚ್ಚುವ ಸ್ಥಿತಿಗೆ ಬಂದು ಹಾರಾಟ ನಿಲ್ಲಿಸಿತು. ಕೈಯಲ್ಲಿ ನಾಲ್ಕೈದು ವಿಮಾನಗಳಷ್ಟೇ ಇರುವ ಸಂಸ್ಥೆಯಲ್ಲಿ ಒಂದು ವಿಮಾನ ದುರಸ್ತಿಗೆ ಹೋದರೂ ಮೊದಲು ರದ್ದಾಗುವುದು ನಮ್ಮಂಥ ಊರುಗಳ ಸೇವೆಯೇ.

ತಮ್ಮಂಥ ಉದ್ಯಮಿಗಳ ದೃಷ್ಟಿಯಿಂದ ಇನ್ನೊಂದು ಮಾತು ಮುಖ್ಯ. ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ಸಂಜೆ ಮರಳುವಂತಿದ್ದರೆ ಮಾತ್ರ ವ್ಯವಹಾರಸ್ಥರು ಟಿಕೆಟ್ ಕೊಳ್ಳುತ್ತಾರೆ. ಮಧ್ಯಾಹ್ನ ಹೊರಟು ಮರುದಿನ ಮಧ್ಯಾಹ್ನ ಮರಳುವ ವಿಮಾನಕ್ಕಿಂತ ರಾತ್ರಿಯ ಸ್ಲೀಪರ್ ಬಸ್ಸೇ ಅವರಿಗೆ ಮೇಲು. ಆದರೆ ಮುಂಬೈ, ಬೆಂಗಳೂರಿನಂಥ ನಿಲ್ದಾಣಗಳಲ್ಲಿ ಬೆಳಗಿನ ಮತ್ತು ಸಂಜೆಯ ವೇಳೆಗಳು ದೊಡ್ಡ ಸಂಸ್ಥೆಗಳ ಪಾಲಾಗಿವೆ. ನೆರವಿನ ಒಪ್ಪಂದದಲ್ಲಿ ವಾರಕ್ಕೆ ಎಷ್ಟು ಹಾರಾಟ ಎಂಬ ಷರತ್ತು ಇರುತ್ತದೆಯೇ ಹೊರತು, ಯಾವ ವೇಳೆಗೆ ಎಂಬುದಕ್ಕೆ ಸಿಗಬೇಕಾದ ಮಹತ್ವ ಸಿಕ್ಕಿಲ್ಲ. ಉದ್ಯಮಬಾಗಿನ ಸಂಘಟನೆಗಳು ಹೊಸ ಊರುಗಳ ಹೆಸರು ಹೇಳಿ ಮನವಿ ಸಲ್ಲಿಸುವ ಬದಲು ವೇಳಾಪಟ್ಟಿಯನ್ನು ಕೇಳಿ ಮನವಿ ಸಲ್ಲಿಸಿದರೆ ಹೆಚ್ಚು ಪ್ರಯೋಜನವೆಂದು ನನಗೆ ಅನಿಸುತ್ತದೆ.

ಪ್ರಶ್ನೆ: ವಿಜಯಪುರದ ವಿಮಾನ ನಿಲ್ದಾಣ ಶುರುವಾದರೆ ನಮ್ಮ ದ್ರಾಕ್ಷಿ, ದಾಳಿಂಬೆ, ನಿಂಬೆ ನೇರವಾಗಿ ವಿದೇಶಕ್ಕೆ ಹೋಗಿ ಒಳ್ಳೆಯ ಬೆಲೆ ಸಿಗುತ್ತದೆ ಎಂದು ಸಭೆಗಳಲ್ಲಿ ಹೇಳುತ್ತಾರೆ. ಇದನ್ನು ನಂಬಿ ತೋಟ ವಿಸ್ತರಿಸಬಹುದೇ?
– ಒಬ್ಬ ದ್ರಾಕ್ಷಿ ಬೆಳೆಗಾರರು, ತಿಕೋಟಾ

ಉತ್ತರ: ಅದೊಂದನ್ನೇ ನಂಬಿ ವಿಸ್ತರಿಸಬೇಡಿ. ಹೀಗೆ ನೇರವಾಗಿ ಹೇಳುವುದಕ್ಕೆ ಕಾರಣಗಳಿವೆ.

ಬುರಣಾಪುರ–ಮದಭಾವಿ ಬಳಿ 727 ಎಕರೆ ಜಾಗದಲ್ಲಿ ರಾಜ್ಯ ಸರ್ಕಾರ ಲೋಕೋಪಯೋಗಿ ಇಲಾಖೆಯ ಮೂಲಕ ಈ ನಿಲ್ದಾಣವನ್ನು ಕಟ್ಟಿಸಿದೆ. 2021ರಲ್ಲಿ ಶಂಕುಸ್ಥಾಪನೆಯಾದಾಗ ಇದು ಎಪ್ಪತ್ತು ಆಸನಗಳ ಎಟಿಆರ್ ವಿಮಾನಕ್ಕೆ ತಕ್ಕ ಯೋಜನೆಯಾಗಿತ್ತು. ಬಳಿಕ ಏರ್‌ಬಸ್ 320 ಇಳಿಯುವಂತೆ ರನ್‌ವೇಯನ್ನು ದೊಡ್ಡದು ಮಾಡಲಾಯಿತು, ವೆಚ್ಚವೂ ಅದಕ್ಕೆ ತಕ್ಕಂತೆ ಏರಿತು. ಕಟ್ಟಡದ ಕೆಲಸದ ನಂತರ ಪರಿಸರ ಅನುಮತಿ ಮತ್ತು ಪರವಾನಗಿಯ ಹಂತಗಳು ಸಾಕಷ್ಟು ಕಾಲ ತೆಗೆದುಕೊಂಡಿವೆ. ಇಲ್ಲಿಗೆ ಮೊದಲು ಬರುವುದು ಬೆಂಗಳೂರಿನ ಪ್ರಯಾಣಿಕ ವಿಮಾನವೇ ಹೊರತು ಸರಕು ವಿಮಾನವಲ್ಲ. ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲಿ, ಜನರ ಚೀಲಗಳೆಲ್ಲ ತುಂಬಿದ ಮೇಲೆ ಉಳಿಯುವ ಜಾಗಕ್ಕೆ ಹಿಡಿಸುವುದು ಸಣ್ಣ ವಿಮಾನವಾದರೆ ಒಂದೆರಡು ಟನ್ ಸರಕು. ತಿಕೋಟಾದಿಂದ ಸುಗ್ಗಿಯಲ್ಲಿ ಹೊರಡುವ ಒಂದೇ ಲಾರಿ ಅದರ ಹಲವು ಪಟ್ಟು ಹೊರುತ್ತದೆ.

ಬೆಳೆಯ ಸ್ವಭಾವವನ್ನೂ ನೋಡಬೇಕು. ವಿಜಯಪುರ ಜಿಲ್ಲೆಯ ದ್ರಾಕ್ಷಿಯಲ್ಲಿ ದೊಡ್ಡ ಪಾಲು ಒಣದ್ರಾಕ್ಷಿಯಾಗುತ್ತದೆ. ತಿಂಗಳುಗಟ್ಟಲೆ ಶೈತ್ಯಾಗಾರದಲ್ಲಿ ಇಟ್ಟು ಮಾರಬಹುದಾದ ಒಣದ್ರಾಕ್ಷಿಯನ್ನು ವಿಮಾನದಲ್ಲಿ ಕಳಿಸುವ ಅಗತ್ಯವೇ ಇಲ್ಲ. ಅದಕ್ಕೆ ಬೇಕಿರುವುದು ಶೈತ್ಯಾಗಾರ, ಗ್ರೇಡಿಂಗ್, ಮತ್ತು ಸಾಂಗಲಿ, ತಾಸಗಾಂವಗಳ ಪೇಟೆಯನ್ನೇ ಕಾಯಬೇಕಾಗದಂತೆ ಇಲ್ಲಿಯೇ ನಡೆಯುವ ಮಾರುಕಟ್ಟೆ. ತಾಜಾ ದ್ರಾಕ್ಷಿ ಯುರೋಪಿಗೆ ಹೋಗುವುದು ಕೂಡ ಮುಖ್ಯವಾಗಿ ಮುಂಬೈ ಬಳಿಯ ಬಂದರಿನಿಂದ, ತಂಪು ಕಂಟೇನರಿನಲ್ಲಿ, ಹಡಗಿನ ಮೂಲಕವೇ. ವಿಮಾನದ ಸಾಗಣೆ ವೆಚ್ಚವನ್ನು ತಾಳಿಕೊಳ್ಳುವುದು ತೂಕಕ್ಕೆ ಹೋಲಿಸಿದರೆ ಬೆಲೆ ಬಹಳ ಹೆಚ್ಚಿರುವ, ಬೇಗ ಕೆಡುವ ಸರಕು ಮಾತ್ರ: ಹೂವು, ಔಷಧಿ, ಸುಗ್ಗಿಯ ಮೊದಲ ಮಾವು ಮುಂತಾದವು.

ಹಾಗಾದರೆ ರೈತರಿಗೆ ಏನೂ ಲಾಭವಿಲ್ಲವೇ ಎಂದರೆ, ಇದೆ. ಆದರೆ ಅದು ಬಳಸುದಾರಿಯಲ್ಲಿ ಬರುವ ಲಾಭ. ನಮ್ಮ ಇಂಡಿ ತಾಲ್ಲೂಕಿನ ನಿಂಬೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಅದನ್ನು ಕೊಳ್ಳಬಯಸುವ ರಫ್ತುದಾರ ಬೆಳಿಗ್ಗೆ ಬಂದು, ತೋಟ ಮತ್ತು ಪ್ಯಾಕಿಂಗ್ ನೋಡಿ, ಸಂಜೆ ಮರಳುವಂತಾದರೆ ಒಪ್ಪಂದಗಳು ಸುಲಭವಾಗುತ್ತವೆ. ಈಗ ಬೆಂಗಳೂರಿನಿಂದ ಐನೂರು ಕಿಲೋಮೀಟರಿಗೂ ಹೆಚ್ಚು ದೂರದ ವಿಜಯಪುರಕ್ಕೆ ಬರಲು ಒಂದು ರಾತ್ರಿ, ಮರಳಲು ಇನ್ನೊಂದು ರಾತ್ರಿ ಹೋಗುತ್ತದೆ. ಮಾದರಿ ಸರಕು, ಸಸಿ, ಪರೀಕ್ಷೆಗೆ ಕಳಿಸುವ ಹಣ್ಣು, ಯಂತ್ರದ ತುರ್ತು ಬಿಡಿಭಾಗ ಇಂಥವು ಮೊದಲ ದಿನದಿಂದಲೇ ವಿಮಾನದಲ್ಲಿ ಬಂದು ಹೋಗಬಲ್ಲವು. ಕೃಷಿ ಸರಕಿಗೆ ಶುಲ್ಕ ರಿಯಾಯಿತಿ ಕೊಡುವ ಕೃಷಿ ಉಡಾನ್ ಎಂಬ ಯೋಜನೆಯೂ 2020ರಿಂದ ಇದೆ, 2021ರಲ್ಲಿ ಅದನ್ನು ಪರಿಷ್ಕರಿಸಲಾಗಿದೆ; ಆದರೆ ಅದರ ಒತ್ತು ಈಶಾನ್ಯ ರಾಜ್ಯಗಳು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳ ಮೇಲೆ. ಆದ್ದರಿಂದ ತಾವು ಜನಪ್ರತಿನಿಧಿಗಳನ್ನು ಭೇಟಿಯಾದಾಗ ನಿಲ್ದಾಣದ ಆವರಣದಲ್ಲಿ ಸಣ್ಣದಾದರೂ ತಂಪು ಕೊಠಡಿಯಿರುವ ಸರಕು ಶೆಡ್ ಯಾವಾಗ ಬರುತ್ತದೆ ಎಂದು ಕೇಳಿ. ಟರ್ಮಿನಲ್ಲಿನ ಗುಮ್ಮಟದ ವಿನ್ಯಾಸದ ಬಗ್ಗೆ ನಡೆಯುವಷ್ಟು ಚರ್ಚೆ ಈ ಶೆಡ್ಡಿನ ಬಗ್ಗೆ ನಡೆಯದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಪ್ರಶ್ನೆ: ಬೆಳಗಾವಿಗೆ ಇದೆ, ವಿಜಯಪುರಕ್ಕೆ ಬಂತು, ಪಕ್ಕದ ಸೋಲಾಪುರದಿಂದಲೂ ವಿಮಾನ ಹಾರುತ್ತಿವೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿರುವ ಬಾಗಲಕೋಟೆ ಜಿಲ್ಲೆಗೆ ಮಾತ್ರ ವಿಮಾನ ನಿಲ್ದಾಣವಿಲ್ಲ. ಇದು ಅನ್ಯಾಯವಲ್ಲವೇ?
– ಒಬ್ಬ ಪ್ರವಾಸಿ ಮಾರ್ಗದರ್ಶಿ, ಬಾದಾಮಿ

ಉತ್ತರ: ತಮ್ಮ ಅಸಮಾಧಾನ ಅರ್ಥವಾಗುತ್ತದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿಗೆ ಬರಬೇಕಾದ ಪ್ರವಾಸಿಗ ದಾರಿಯ ದಣಿವಿಗೇ ಹೆದರಿ ಹಂಪಿಯಿಂದ ಹಿಂದಿರುಗುವುದನ್ನು ತಾವು ಕಂಡಿರಬಹುದು. ಹಾಗಿದ್ದರೂ ಬಾಗಲಕೋಟೆಗೆ ಪ್ರತ್ಯೇಕ ನಿಲ್ದಾಣ ಬೇಕು ಎಂಬುದನ್ನು ನಾನು ಒಪ್ಪಲಾರೆ.

ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿ. ಬಾದಾಮಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಬಾಗಲಕೋಟೆಯಿಂದ ವಿಜಯಪುರ ಅದಕ್ಕಿಂತಲೂ ಹತ್ತಿರ. ಜಮಖಂಡಿ, ರಬಕವಿ, ಮುಧೋಳ ಭಾಗದವರಿಗೆ ಬೆಳಗಾವಿಯೂ ದೂರವಲ್ಲ. ಹೊಸ ನಿಲ್ದಾಣಗಳ ಕುರಿತ ಕೇಂದ್ರದ 2008ರ ನೀತಿಯ ಪ್ರಕಾರ, ಈಗಿರುವ ನಾಗರಿಕ ನಿಲ್ದಾಣದಿಂದ 150 ಕಿಲೋಮೀಟರಿನೊಳಗೆ ಇನ್ನೊಂದನ್ನು ಕಟ್ಟುವುದಾದರೆ ಹಳೆಯದರ ಮೇಲೆ ಆಗುವ ಪರಿಣಾಮವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ಆ ನಿಯಮವನ್ನು ದಾಟುವುದು ಸಾಧ್ಯವಾದರೂ, ಅದರ ಹಿಂದಿನ ವಿವೇಕವನ್ನು ದಾಟಲಾಗದು. ಇರುವ ಪ್ರಯಾಣಿಕರನ್ನೇ ನಾಲ್ಕು ನಿಲ್ದಾಣಗಳು ಹಂಚಿಕೊಂಡರೆ ನಾಲ್ಕರಲ್ಲೂ ವಾರಕ್ಕೆ ಮೂರು ವಿಮಾನ ಉಳಿಯುತ್ತವೆ, ನಿತ್ಯದ ವಿಮಾನ ಯಾವುದರಲ್ಲೂ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಭೂಮಿ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಊರನ್ನೂ ಅಸಂಖ್ಯ ಹಳ್ಳಿಗಳನ್ನೂ ಕೊಟ್ಟ ಜಿಲ್ಲೆ ಇದು. ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮತ್ತೆ ಹತ್ತಾರು ಸಾವಿರ ಎಕರೆ ಮುಳುಗಲಿದೆ, ಅದರ ಪರಿಹಾರದ ವಿಚಾರದಲ್ಲಿ ಸಂತ್ರಸ್ತರು ವರ್ಷಗಟ್ಟಲೆ ಹೋರಾಟ ನಡೆಸಿದ್ದಾರೆ. ಒಮ್ಮೆ ಮನೆ ಕಳೆದುಕೊಂಡು ಪುನರ್ವಸತಿ ಕೇಂದ್ರದಲ್ಲಿ ಬದುಕು ಕಟ್ಟಿಕೊಂಡ ಕುಟುಂಬಗಳ ಜಿಲ್ಲೆಯಲ್ಲಿ, ಅತಿ ಅಗತ್ಯವಲ್ಲದ ಯಾವ ಕೆಲಸಕ್ಕೂ ನೂರಾರು ಎಕರೆ ಕೇಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಲ್ದಾಣಕ್ಕೆ ತಗಲುವ ಹಣದಲ್ಲಿ ಸಣ್ಣದೊಂದು ಪಾಲನ್ನು ಬಾದಾಮಿಯ ದಾರಿಗೆ ಹಾಕಿದರೂ ಅದರ ಫಲ ಬೇಗ ಕಾಣುತ್ತದೆ. ಹುಬ್ಬಳ್ಳಿ ಮತ್ತು ವಿಜಯಪುರ ನಿಲ್ದಾಣಗಳಲ್ಲಿ ವಿಮಾನ ಇಳಿಯುವ ವೇಳೆಗೆ ಹೊಂದಿಕೊಂಡು ಬಾದಾಮಿ, ಕೂಡಲಸಂಗಮಕ್ಕೆ ಸಾರಿಗೆ ಸಂಸ್ಥೆಯ ಹವಾನಿಯಂತ್ರಿತ ಬಸ್ಸು, ಗದಗ–ಹೋಟಗಿ ರೈಲು ಮಾರ್ಗದಲ್ಲಿ ಹಗಲಿನ ಗಾಡಿಗಳು, ಐಹೊಳೆ–ಪಟ್ಟದಕಲ್ಲು–ಬಾದಾಮಿ ನಡುವೆ ಸುಸ್ಥಿತಿಯ ರಸ್ತೆ, ಸ್ವಚ್ಛ ಶೌಚಾಲಯ. ಇವಿಷ್ಟಿದ್ದರೆ ಪ್ರವಾಸಿಗ ಒಂದು ರಾತ್ರಿ ಇಲ್ಲಿಯೇ ತಂಗುತ್ತಾನೆ. ತಂಗಿದವನೇ ಗುಳೇದಗುಡ್ಡದ ಖಣವನ್ನೂ ಇಳಕಲ್ ಸೀರೆಯನ್ನೂ ಕೊಳ್ಳುವವನು.

ಪ್ರಶ್ನೆ: ವಿಮಾನ ನಿಲ್ದಾಣದಿಂದ ಒಂದು ಕೆಲಸಕ್ಕೆ ಆರು ಕೆಲಸ ಹುಟ್ಟುತ್ತದೆ ಎಂದು ಓದಿದ್ದೇನೆ. ನಮ್ಮಂಥ ಪದವೀಧರರಿಗೆ ಇದರಿಂದ ಉದ್ಯೋಗ ಸಿಗುತ್ತದೆಯೇ?
– ಒಬ್ಬ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯನ್ನು ಉಲ್ಲೇಖಿಸಿ ನಮ್ಮ ಸರ್ಕಾರದ ದಾಖಲೆಗಳು ಈ ಲೆಕ್ಕವನ್ನು ಕೊಡುತ್ತವೆ: ವಿಮಾನಯಾನದ ಆರ್ಥಿಕ ಗುಣಕ 3.1, ಉದ್ಯೋಗ ಗುಣಕ 6.1; ಅಂದರೆ ಇಲ್ಲಿನ ಒಂದು ರೂಪಾಯಿಯಿಂದ 3.1 ರೂಪಾಯಿಯ ವಹಿವಾಟು, ಒಂದು ಕೆಲಸದಿಂದ 6.1 ಕೆಲಸ. ಇವು ಇಡೀ ವಿಮಾನಯಾನ ಕ್ಷೇತ್ರಕ್ಕೆ ಅನ್ವಯಿಸುವ ಒಟ್ಟು ಅಂದಾಜುಗಳು. ದಿನಕ್ಕೊಂದು ವಿಮಾನ ಬಂದು ಹೋಗುವ ನಿಲ್ದಾಣಕ್ಕೆ ಇದೇ ಲೆಕ್ಕವನ್ನು ಹಾಕಿದರೆ ನಿರಾಸೆಯಾಗುತ್ತದೆ. ಅಂಥ ನಿಲ್ದಾಣದೊಳಗೆ ನೇರವಾಗಿ ಸಿಗುವ ಕೆಲಸಗಳು ಕೆಲವೇ: ಭದ್ರತೆ, ಅಗ್ನಿಶಾಮಕ, ಸಾಮಾನು ಸಾಗಣೆ, ಟಿಕೆಟ್ ಕೌಂಟರ್, ಸ್ವಚ್ಛತೆ. ಹೊರಗೆ ಟ್ಯಾಕ್ಸಿ, ಹೋಟೆಲು. ವಾಯುಸಂಚಾರ ನಿಯಂತ್ರಕರ ಹುದ್ದೆಗೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ದೇಶಮಟ್ಟದಲ್ಲಿ ಪರೀಕ್ಷೆ ನಡೆಸುತ್ತದೆ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿದವರು ಅದಕ್ಕೆ ಸಿದ್ಧರಾಗುವುದು ಒಳ್ಳೆಯದು, ಅದಕ್ಕೆ ಊರಿನಲ್ಲಿ ನಿಲ್ದಾಣ ಇರಲೇಬೇಕೆಂದಿಲ್ಲ.

ಬೆಳಗಾವಿಯನ್ನು ಗಮನಿಸಿದರೆ ಉದ್ಯೋಗ ಮತ್ತು ವಿಮಾನಗಳಲ್ಲಿ ಯಾವುದು ಮೊದಲು ಎಂಬುದು ತಿಳಿಯುತ್ತದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳ ತಯಾರಿಕೆ ಉಡಾನ್ ಯೋಜನೆಗಿಂತ ಎಷ್ಟೋ ಮೊದಲೇ ಶುರುವಾಗಿತ್ತು. ಫೌಂಡ್ರಿ ಮತ್ತು ಯಂತ್ರೋಪಕರಣಗಳ ಕೌಶಲ, ಎಂಜಿನಿಯರಿಂಗ್ ಕಾಲೇಜುಗಳು, ಹೆದ್ದಾರಿ ಇವು ಅದನ್ನು ಇಲ್ಲಿಗೆ ತಂದವು. ಸೇನಾ ನೆಲೆ, ವೈದ್ಯಕೀಯ ಕಾಲೇಜುಗಳು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಸುವರ್ಣ ವಿಧಾನಸೌಧ ಇರುವುದರಿಂದಲೇ ಸಾಂಬ್ರಾದ ವಿಮಾನಗಳಿಗೆ ಪ್ರಯಾಣಿಕರಿದ್ದಾರೆ. ದುಡಿಮೆ ಇರುವಲ್ಲಿ ವಿಮಾನ ಅದನ್ನು ಬೆಳೆಸುತ್ತದೆ. ಬರಿ ರನ್‌ವೇ ದುಡಿಮೆಯನ್ನು ಹುಟ್ಟಿಸಿದ ಉದಾಹರಣೆ ನನಗೆ ಕಂಡಿಲ್ಲ. ಪ್ರಯಾಣಿಕ ವಿಮಾನಗಳು ಕಡಿಮೆಯಿರುವ ನಿಲ್ದಾಣಕ್ಕೆ ಪೈಲಟ್ ತರಬೇತಿ ಶಾಲೆ ಒಂದು ಒಳ್ಳೆಯ ಆಸರೆ. 2021ರಲ್ಲಿ ಪ್ರಾಧಿಕಾರವು ಇಂಥ ಶಾಲೆಗಳಿಗೆಂದು ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಸೇರಿದ್ದವು. ಉದ್ದನೆಯ ರನ್‌ವೇ ಮತ್ತು ವರ್ಷದ ಬಹುಕಾಲ ತಿಳಿಯಾದ ಆಕಾಶ ಇರುವ ವಿಜಯಪುರಕ್ಕೂ ಇದು ಹೊಂದುತ್ತದೆ.

ಪ್ರಶ್ನೆ: ಬಾಗಲಕೋಟೆ–ಕುಡಚಿ ರೈಲು ಮಾರ್ಗ ಇನ್ನೂ ಪೂರ್ಣಗೊಂಡಿಲ್ಲ. ಹಳ್ಳಿಗೆ ಬಸ್ಸಿಲ್ಲ. ಹೀಗಿರುವಾಗ ಉಳ್ಳವರು ಹಾರುವ ವಿಮಾನಕ್ಕೆ ನಮ್ಮ ತೆರಿಗೆಯ ಹಣ ಏಕೆ? ನೆರವು ಹೀಗೆಯೇ ಮುಂದುವರಿಯಬೇಕೇ?
– ಒಬ್ಬ ನಿವೃತ್ತ ಶಿಕ್ಷಕರು, ಅಥಣಿ

ಉತ್ತರ: ಬಂದ ಪತ್ರಗಳಲ್ಲೆಲ್ಲ ತಮ್ಮದೇ ಅತ್ಯಂತ ನ್ಯಾಯವಾದ ಪ್ರಶ್ನೆ. 2010–11ರಲ್ಲಿ ಮಂಜೂರಾಗಿ, ವೆಚ್ಚದ ಅರ್ಧವನ್ನು ರಾಜ್ಯವೇ ಭರಿಸಲು ಒಪ್ಪಿದ ಆ 142 ಕಿಲೋಮೀಟರ್ ರೈಲು ಮಾರ್ಗ ಸಕ್ಕರೆ, ಸಿಮೆಂಟ್, ಬೆಲ್ಲ ಸಾಗಿಸುವುದರಿಂದ ಈ ಭಾಗಕ್ಕೆ ಯಾವ ವಿಮಾನವೂ ಕೊಡಲಾಗದಷ್ಟು ಲಾಭವನ್ನು ಕೊಡುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ರೈಲನ್ನೇ ಆರಿಸುತ್ತೇನೆ.

ಆದರೆ ಕಟ್ಟಿಯಾಗಿರುವ ನಿಲ್ದಾಣಗಳ ಮಾತು ಬೇರೆ. ಸಾರ್ವಜನಿಕ ಹಣ ಅಲ್ಲಿ ಆಗಲೇ ಹೂತಿದೆ, ರೈತರ ಭೂಮಿ ಹೋಗಿದೆ. ಅದನ್ನು ಖಾಲಿ ಬಿಡುವುದು ಎರಡನೆಯ ನಷ್ಟ. ಹೃದಯದ ಅಥವಾ ಮೂತ್ರಪಿಂಡದ ತುರ್ತು ಚಿಕಿತ್ಸೆಗೆಂದು ಹೋಗುವವರು, ಹೊರರಾಜ್ಯದಲ್ಲಿ ದುಡಿಯುವ ಮಕ್ಕಳು, ಗಡಿಯಿಂದ ರಜೆಯ ಮೇಲೆ ಬರುವ ಸೈನಿಕರು ಕೂಡ ಈ ವಿಮಾನಗಳಲ್ಲಿದ್ದಾರೆ, ಉಳ್ಳವರು ಮಾತ್ರವಲ್ಲ.

2025–26ರ ಕೇಂದ್ರ ಬಜೆಟ್ಟಿನಲ್ಲಿ ಉಡಾನ್ ಯೋಜನೆಯನ್ನು ಪರಿಷ್ಕರಿಸಿ, ಮುಂದಿನ ಹತ್ತು ವರ್ಷಗಳಲ್ಲಿ 120 ಹೊಸ ಸ್ಥಳಗಳನ್ನು ಸೇರಿಸುವುದಾಗಿ, 4 ಕೋಟಿ ಪ್ರಯಾಣಿಕರಿಗೆ ಸೇವೆ ಒದಗಿಸುವುದಾಗಿ ಪ್ರಕಟಿಸಲಾಯಿತು. ಆದ್ದರಿಂದ ನೆರವು ನಿಲ್ಲುವ ಸೂಚನೆಯಿಲ್ಲ. ಅಮೆರಿಕದಲ್ಲಿ 1978ರಲ್ಲಿ ಸಣ್ಣ ಊರುಗಳ ವಿಮಾನ ಸೇವೆಗೆಂದು ಹತ್ತು ವರ್ಷದ ಅವಧಿಗೆ ಶುರು ಮಾಡಿದ ಇಂಥದೇ ಸಹಾಯಧನ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ ಬೀದರ್ ಇದೆ: 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ವಿಮಾನ ಶುರುವಾಗಿ, ನಿಂತು, ಇನ್ನೊಂದು ಸಂಸ್ಥೆಯಿಂದ ಮತ್ತೆ ಶುರುವಾಗಿ, 2023ರ ಕೊನೆಗೆ ಪುನಃ ನಿಂತಿತು. ಕೊರತೆಯನ್ನು ತಾನೇ ತುಂಬಿಕೊಡಲು ರಾಜ್ಯ ಸರ್ಕಾರ ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮರಳಿ ಬಂತು.

ವಿಜಯಪುರದಲ್ಲೂ ಒಂದು ದಿನ ಇದೇ ಪ್ರಶ್ನೆ ಏಳಲಿದೆ, ಆದ್ದರಿಂದ ಷರತ್ತುಗಳನ್ನು ಈಗಲೇ ಬರೆದುಕೊಳ್ಳುವುದು ಲೇಸು. ರಾಜ್ಯ ಹಣ ಕೊಡುವುದಾದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ವೇಳೆ ಕಡ್ಡಾಯವಾಗಲಿ. ಮೊದಲ ವರ್ಷಕ್ಕಿಂತ ಎರಡನೆಯ ವರ್ಷ, ಎರಡನೆಯದಕ್ಕಿಂತ ಮೂರನೆಯ ವರ್ಷ ನೆರವು ಇಳಿಯಲಿ. ಕಾರಣವಿಲ್ಲದೆ ಹಾರಾಟ ರದ್ದಾದ ದಿನಗಳ ಹಣವನ್ನು ಕಡಿತ ಮಾಡಲಿ. ಪ್ರತಿ ಮಾರ್ಗಕ್ಕೆ ಕೊಟ್ಟ ಮೊತ್ತ, ತುಂಬಿದ ಆಸನ, ನೆರವು ಮುಗಿಯುವ ದಿನಾಂಕ ಇವನ್ನು ನಿಲ್ದಾಣದ ಬಾಗಿಲಲ್ಲೇ ಕನ್ನಡದಲ್ಲಿ ಪ್ರಕಟಿಸಲಿ. ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಈ ಭಾಗದ ಶಾಸಕರು ಕೇಳಬೇಕಾದದ್ದು ಇದನ್ನೇ; ತಾವು ಅಥಣಿಯ ಶಾಸಕರಿಗೆ ಬರೆಯುವ ಪತ್ರದಲ್ಲಿ ಕುಡಚಿ ರೈಲಿನ ಬೇಡಿಕೆಯ ಕೆಳಗೆ ಇದನ್ನೂ ಸೇರಿಸಬೇಕೆಂದು ವಿನಂತಿ.